ವಯಸ್ಸು ಕಲಿಸಿದ್ದೆಷ್ಟು?

ವಯಸ್ಸಾದವರಿಗೆ ವಿವೇಕ ಹೆಚ್ಚು ಎಂಬುದು ಲೋಕದ ನಂಬಿಕೆ. ಈ ನಂಬಿಕೆಗೆ ಆಧಾರವೇನೆಂದು ಯಾರೂ ಕೇಳಿದಂತೆ ಕಾಣೆ. ಕೇಳಬೇಕೆಂಬ ಆಸೆಯಿರುವ ಕಿರಿಯರಿಗೆ ಧೈರ್ಯವಿರುವುದಿಲ್ಲ. ಧೈರ್ಯವಿರುವ ಹಿರಿಯರಿಗೆ ಆಸೆಯಿರುವುದಿಲ್ಲ, ಏಕೆಂದರೆ ಆ ನಂಬಿಕೆಯ ಫಲವನ್ನು ಉಣ್ಣುತ್ತಿರುವವರು ಅವರೇ. ಎಪ್ಪತ್ತು ದಾಟಿ ಕೆಲವು ವರ್ಷಗಳಾದ ನನಗೂ ಈಗ ಅದರಲ್ಲಿ ಪಾಲು ಸಿಗುತ್ತಿದೆ. ಮದುವೆಯ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಬಸ್ಸಿನಲ್ಲಿ ಕಾದಿಟ್ಟ ಆಸನ, ಸಭೆ ಸಮಾರಂಭಗಳಲ್ಲಿ ‘ನಿಮ್ಮ ಅನುಭವದ ಎರಡು ಮಾತು ಹೇಳಿ’ ಎಂಬ ಕೋರಿಕೆ. ಇವೆಲ್ಲ ಬಂದದ್ದು ನಾನು ಏನನ್ನೋ ಸಾಧಿಸಿದ್ದರಿಂದಲ್ಲ, ಸಾಯದೆ ಉಳಿದದ್ದರಿಂದ. ಕುರ್ಚಿಯನ್ನೂ ಆಸನವನ್ನೂ ನಾನು ಸಂಕೋಚವಿಲ್ಲದೆ ಸ್ವೀಕರಿಸುತ್ತೇನೆ. ಮಂಡಿಗಳು ಅದಕ್ಕೆ ಸಾಕಷ್ಟು ಕಾರಣ ಒದಗಿಸಿವೆ. ಆ ಎರಡು ಮಾತಿನ ವಿಷಯದಲ್ಲಿ ಮಾತ್ರ ಗಂಟಲು ಹಿಡಿದಂತಾಗುತ್ತದೆ. ನಿಜವಾಗಿ ನಾನು ಕಲಿತದ್ದೇನು? ಕಲಿತಿದ್ದರೆ ಅದು ಹೇಳಿ ಮುಗಿಸಬಹುದಾದ ಸಂಗತಿಯೇ?

ಹಾಗೆಂದು ನಮ್ಮ ಜನ ಹಿರಿಯರಿಗೆ ಪೂರ್ತಿ ಮರುಳಾದವರೂ ಅಲ್ಲ. ಅವರ ಕಾಲಿಗೆರಗುವ ಜನವೇ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನೂ ಕಟ್ಟಿದೆ. ಎದುರಿಗೆ ನಮಸ್ಕಾರ, ಬೆನ್ನ ಹಿಂದೆ ಗಾದೆ. ಬೇಂದ್ರೆಯವರು ಅರವತ್ತು ದಾಟಿದ ಹೊತ್ತಿಗೆ ತಮ್ಮ ಕವಿತೆಗಳ ಸಂಪುಟಕ್ಕೆ ಇದೇ ‘ಅರಳು ಮರಳು’ ಎಂಬ ಹೆಸರನ್ನಿಟ್ಟರು; 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಬುದ್ಧಿ ಕೆಡುವುದೆಂದು ಜನ ಆಡಿಕೊಂಡ ಮಾತಿನೊಳಗೆ ಮರಳಿ ಅರಳುವುದೆಂಬ ಅರ್ಥವೂ ಅಡಗಿದೆಯಲ್ಲ, ಅದೇ ಆ ಹೆಸರಿನ ಚಮತ್ಕಾರ. ಆದರೆ ಎಲ್ಲರೂ ಬೇಂದ್ರೆಯಾಗುವುದಿಲ್ಲ. ನಮ್ಮಂಥವರ ಪಾಲಿಗೆ ಗಾದೆಯ ಹಳೆಯ ಅರ್ಥವೇ ಹೆಚ್ಚು ಹತ್ತಿರದ್ದು.

ವಯಸ್ಸಿಗೂ ವಿವೇಕಕ್ಕೂ ಗಂಟು ಹಾಕುವವರು ನಮ್ಮ ಹಳೆಯ ಕಥೆಗಳನ್ನು ಒಮ್ಮೆ ತಿರುವಿ ಹಾಕಬೇಕು. ಕಠೋಪನಿಷತ್ತಿನಲ್ಲಿ ಯಮನ ಎದುರು ನಿಂತು ಸಾವಿನ ಗುಟ್ಟನ್ನು ಕೇಳುವ ನಚಿಕೇತ ಇನ್ನೂ ಹುಡುಗ. ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಟ್ಟು ಪುಣ್ಯ ಗಳಿಸಲು ಹೊರಟವನು ಅವನ ತಂದೆ. ಮಹಾಭಾರತಕ್ಕೆ ಬಂದರೆ ಧೃತರಾಷ್ಟ್ರನಿದ್ದಾನೆ. ಯುದ್ಧ ಹತ್ತಿರವಾಗುತ್ತಿರುವಾಗ ನಿದ್ದೆ ಬಾರದೆ ವಿದುರನನ್ನು ಕರೆಸಿಕೊಂಡು ರಾತ್ರಿಯೆಲ್ಲ ನೀತಿ ಕೇಳಿದ ಮುದುಕ ಅವನು. ಲೋಕದಲ್ಲಿರುವ ಒಳ್ಳೆಯ ಮಾತುಗಳನ್ನೆಲ್ಲ ಅವನು ಆ ಒಂದು ರಾತ್ರಿಯಲ್ಲಿ ಕೇಳಿದ್ದಾನೆ. ಎಲ್ಲವನ್ನೂ ಒಪ್ಪಿಯೂ ಇದ್ದಾನೆ. ನೀನು ಹೇಳಿದ್ದು ಸರಿ, ಆದರೆ ದುರ್ಯೋಧನನನ್ನು ಕಂಡೊಡನೆ ನನ್ನ ಬುದ್ಧಿ ತಿರುಗಿಬಿಡುತ್ತದೆ ಎಂಬ ಅರ್ಥದಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ವಯಸ್ಸೂ ಇತ್ತು, ಉಪದೇಶವೂ ಇತ್ತು. ಕುರುಕ್ಷೇತ್ರ ತಪ್ಪಲಿಲ್ಲ.

ಹಿಂದಿನ ಕಾಲದಲ್ಲಿ ಮುದುಕರಿಗೆ ಬೆಲೆ ಬಂದದ್ದಕ್ಕೆ ಬೇರೆ ಕಾರಣವೂ ಇದ್ದೀತು. ಅವರು ವಿರಳವಾಗಿದ್ದರು. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಎಳೆಯ ಮಕ್ಕಳು ಅಷ್ಟೊಂದು ಸಂಖ್ಯೆಯಲ್ಲಿ ಸಾಯುತ್ತಿದ್ದುದೇ ಆ ಅಂಕಿ ಅಷ್ಟು ಕೆಳಗಿದ್ದುದಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೂ ಎಪ್ಪತ್ತು ಮುಟ್ಟುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಈಗ ಸರಾಸರಿಯೇ ಎಪ್ಪತ್ತರ ಹತ್ತಿರ ಬಂದು ನಿಂತಿದೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಜೊತೆಗೆ, ಮುದುಕನೆಂದರೆ ಆಗ ಊರಿನ ದಫ್ತರವೂ ಹೌದು. ಕೆರೆ ಯಾವ ವರ್ಷ ಒಡೆಯಿತು, ಯಾರ ಹೊಲದ ಬದು ಎಲ್ಲಿಗಿತ್ತು, ಮಗುವಿಗೆ ಉಬ್ಬಸ ಬಂದರೆ ಯಾವ ಕಷಾಯ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಈಗ ಆ ಕೆಲಸವನ್ನು ಅಂಗೈಯಗಲದ ಫೋನು ಮಾಡುತ್ತದೆ. ಮರೆವಿಲ್ಲದೆ, ಮುನಿಸಿಲ್ಲದೆ, ‘ನಮ್ಮ ಕಾಲದಲ್ಲಿ’ ಎಂದು ಪೀಠಿಕೆ ಹಾಕದೆ ಮಾಡುತ್ತದೆ. ಇನ್ನು ಬೇರೆಲ್ಲೂ ಸಿಕ್ಕದೆ ವಯಸ್ಸಿನಿಂದ ಮಾತ್ರ ಸಿಕ್ಕುವಂಥದು ಏನಾದರೂ ಉಳಿದಿದೆಯೇ ಎಂಬುದು ಪ್ರಶ್ನೆ.

ಪಾಠ ಮೊದಲು ಬರುವುದು ದೇಹದ ಮೂಲಕ. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಂಜಾಗುತ್ತದೆ. ಕಣ್ಣಿನೊಳಗಿನ ಮಸೂರ ಗಡುಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಆಕಾರ ಬದಲಿಸುವ ಶಕ್ತಿಯನ್ನು ಕಳೆದುಕೊಳ್ಳುವುದು ಅದಕ್ಕೆ ಕಾರಣ. ನಮ್ಮವರು ಇದಕ್ಕೆ ಚಾಳೀಸು ಎಂದರು. ಮರಾಠಿ, ಹಿಂದಿಗಳ ನಲವತ್ತೆಂಬ ಮಾತೇ ನಮ್ಮಲ್ಲಿ ಕನ್ನಡಕದ ಹೆಸರಾಗಿಬಿಟ್ಟಿತು. ಪತ್ರಿಕೆಯನ್ನು ತೋಳು ಚಾಚಿ ಹಿಡಿದರೆ ಅಕ್ಷರ ಸ್ಪಷ್ಟವಾಗುತ್ತದೆ. ಜೀವನದ ಸಂಗತಿಗಳನ್ನೂ ಹೀಗೆಯೇ ದೂರ ಹಿಡಿದು ಓದಬೇಕು ಎಂದು ಇಲ್ಲೊಂದು ನೀತಿ ಹೊರಡಿಸುವುದು ಸುಲಭ. ಭಾಷಣಗಳಲ್ಲಿ ಅದನ್ನು ಕೇಳಿಯೂ ಇದ್ದೇನೆ. ಆದರೆ ಚಾಳೀಸು ಹಾಕಿಕೊಂಡವನಿಗೆ ಹತ್ತಿರದ್ದೂ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಆ ನೀತಿಯನ್ನು ನಾನು ಕೈಬಿಟ್ಟಿದ್ದೇನೆ.

ಕಿವಿ ಕಲಿಸುವುದು ಇದಕ್ಕಿಂತ ಗಟ್ಟಿಯಾದ ಪಾಠ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ತಾರಕದ ಸಣ್ಣ ಧ್ವನಿಗಳು. ‘ಸ’, ‘ಶ’ಗಳಂಥ ವ್ಯಂಜನಗಳಿರುವುದು ಅಲ್ಲಿ. ಸ್ವರಗಳು ಕೆಳಗಿನ ಸ್ಥಾಯಿಯವಾದ್ದರಿಂದ ಅವು ಉಳಿದುಕೊಳ್ಳುತ್ತವೆ. ಪರಿಣಾಮವೇನೆಂದರೆ, ಎದುರಿನವರು ಮಾತಾಡಿದ್ದು ಕೇಳಿಸುತ್ತದೆ, ಏನು ಮಾತಾಡಿದರೆಂದು ತಿಳಿಯುವುದಿಲ್ಲ. ಮನೆಯವರು ಪಾಪ, ಇನ್ನಷ್ಟು ಗಟ್ಟಿಯಾಗಿ ಕೂಗುತ್ತಾರೆ. ಕೂಗಿದರೆ ದೊಡ್ಡದಾಗುವುದು ಮುಖ್ಯವಾಗಿ ಸ್ವರವೇ. ಕಳೆದುಹೋದ ವ್ಯಂಜನ ಕಳೆದಲ್ಲಿಯೇ ಇರುತ್ತದೆ. ಎಂಟು ವರ್ಷದ ಹುಡುಗಿಯೊಬ್ಬಳು ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಹೇಳಿದರೆ ಎಲ್ಲವೂ ತಿಳಿಯುತ್ತದೆ. ನಾವು ಹಿರಿಯರೂ ನಮ್ಮ ಮಾತು ಕಿರಿಯರಿಗೆ ನಾಟದಾಗ ಮಾಡುವುದು ಇದನ್ನೇ ಎಂದು ನನಗೆ ಬಹಳ ಸಲ ತೋರಿದೆ. ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಆಡುತ್ತೇವೆ.

ಮನಸ್ಸಿನ ಲೆಕ್ಕಕ್ಕೆ ಬರೋಣ. ಎಪ್ಪತ್ತು ವರ್ಷ ಬದುಕಿ ನಾನು ಕಲಿತ ಹೊಸ ತತ್ತ್ವವೆಷ್ಟು ಎಂದು ಎಣಿಸಿದರೆ ಒಂದೂ ಸಿಕ್ಕುವುದಿಲ್ಲ. ಆರೋಗ್ಯವೇ ಭಾಗ್ಯ, ಸಾಲ ಶೂಲ, ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬಿವನ್ನೆಲ್ಲ ನಾನು ಮಾಧ್ಯಮಿಕ ಶಾಲೆಯಲ್ಲಿಯೇ ಕಾಪಿ ಪುಸ್ತಕದಲ್ಲಿ ದುಂಡಾದ ಅಕ್ಷರಗಳಲ್ಲಿ ಬರೆದು ಮೇಷ್ಟರಿಂದ ಶಹಬಾಸ್ ಎನ್ನಿಸಿಕೊಂಡಿದ್ದೆ. ಈಗ ಬೆಳಗಾಗೆದ್ದರೆ ಅವೇ ಮಾತುಗಳು ಸೂರ್ಯೋದಯದ ಚಿತ್ರದೊಡನೆ ಮೊಬೈಲಿಗೆ ಬಂದು ಬೀಳುತ್ತವೆ. ಅರವತ್ತು ವರ್ಷದಲ್ಲಿ ಸುಭಾಷಿತದ ಒಂದಕ್ಷರವೂ ಬದಲಾಗಿಲ್ಲ. ಅದರ ತೂಕ ಬದಲಾಗಿದೆ. ಆಗ ಅವೆಲ್ಲ ಒಂದೇ ತೂಕದವಾಗಿದ್ದವು. ಈಗ ಕೆಲವು ಹತ್ತಿಯಂತೆ ಹಾರಿಹೋಗಿವೆ, ಕೆಲವು ಎತ್ತಲಾರದಷ್ಟು ಭಾರವಾಗಿವೆ.

ಹಗುರಾದದ್ದರಲ್ಲಿ ನಾನು ಮೊದಲು ಹೇಳಬೇಕಾದ್ದು ‘ನಾಲ್ಕು ಜನ’ದ ವಿಷಯ. ನಾಲ್ಕು ಜನ ನೋಡಿದರೆ ಏನಂದಾರು ಎಂಬುದು ನಮ್ಮ ಮಧ್ಯಮ ವರ್ಗದ ಧರ್ಮಶಾಸ್ತ್ರದ ಮೊದಲ ಸೂತ್ರ. ಮನೆಗೆ ಬಳಿಯುವ ಸುಣ್ಣದ ಬಣ್ಣದಿಂದ ಹಿಡಿದು ಮಗಳ ಮದುವೆಯ ಊಟದ ಎಲೆಗಳ ಸಂಖ್ಯೆಯವರೆಗೆ ತೀರ್ಮಾನವೆಲ್ಲ ಆ ನಾಲ್ವರದು. ಅವರು ಯಾರೆಂದು ನಾನು ಎಷ್ಟೋ ವರ್ಷ ಕುತೂಹಲದಿಂದ ಹುಡುಕಿದ್ದೇನೆ. ವಯಸ್ಸಾದ ಮೇಲೆ ಒಬ್ಬಿಬ್ಬರು ಸಿಕ್ಕಿದರು. ಲಾಲ್‌ಬಾಗಿನ ಬೆಂಚಿನ ಮೇಲೆ ಕುಳಿತು ಮನಸ್ಸು ಬಿಚ್ಚಿ ಮಾತಾಡಿದಾಗ ತಿಳಿದದ್ದು, ಅವರು ನಮ್ಮ ಮನೆಯ ಬಣ್ಣವನ್ನು ನೋಡಿಯೇ ಇರಲಿಲ್ಲ; ಅವರೂ ತಮ್ಮ ನಾಲ್ವರಿಗೆ ಹೆದರಿಕೊಂಡು ಇಷ್ಟು ವರ್ಷ ಕಳೆದಿದ್ದರು. ಈ ಒಂದು ವಿಷಯದಲ್ಲಿ ವಯಸ್ಸು ನನಗೆ ನಿಜವಾದ ಬಿಡುಗಡೆ ಕೊಟ್ಟಿದೆ. ಆದರೆ ಇದನ್ನು ಇಪ್ಪತ್ತೈದರ ಹುಡುಗನಿಗೆ ಹೇಳಿ ನೋಡಿ. ತಲೆಯಾಡಿಸುತ್ತಾನೆ, ಹೋಗಿ ಸಾಲ ಮಾಡಿ ಕಾರು ಕೊಳ್ಳುತ್ತಾನೆ.

ಭಾರವಾದದ್ದು ಋಣ. ನಮ್ಮ ಹೈಸ್ಕೂಲಿನ ಮೇಷ್ಟರೊಬ್ಬರು ನನ್ನ ಪರೀಕ್ಷೆಯ ಶುಲ್ಕವನ್ನು ತಾವೇ ಕಟ್ಟಿ, ನಮ್ಮ ತಂದೆಗೆ ತಿಳಿಯದಂತೆ ನೋಡಿಕೊಂಡಿದ್ದರು. ನನಗೆ ಮೊದಲ ಸಂಬಳ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆ ಹಣದ ಮೊತ್ತ ಈಗ ಒಂದು ಕಾಫಿಯ ಬೆಲೆಗೂ ಸಾಲದು. ಆದರೂ ವರ್ಷ ಕಳೆದಂತೆ ಅದು ಬೆಳೆಯುತ್ತಿದೆ; ಅವರ ಸಂಬಳವೆಷ್ಟಿದ್ದೀತು, ಅವರ ಮನೆಯಲ್ಲಿ ಊಟಕ್ಕೆ ಎಷ್ಟು ಮಂದಿ ಇದ್ದರು ಎಂದು ಲೆಕ್ಕ ಹಾಕುವ ಬುದ್ಧಿ ನನಗೆ ಬಂದದ್ದೇ ಐವತ್ತು ದಾಟಿದ ಮೇಲೆ. ತೀರಿಸಬೇಕಾದವರು ಇಲ್ಲದ ಸಾಲ ಇದು. ಮುಂದೆ ಬರುವ ಯಾರಿಗೋ ಕೊಟ್ಟು ತೀರಿಸಬೇಕು, ಆಗಲೂ ತೀರುವುದಿಲ್ಲ. ಅರವತ್ತಕ್ಕೆ ಷಷ್ಟ್ಯಬ್ದಪೂರ್ತಿಯೆಂದು ಹುಟ್ಟಿದ ಸಂವತ್ಸರ ಮರಳಿ ಬಂದುದನ್ನು ಆಚರಿಸುತ್ತಾರೆ. ಸಾವಿರ ಹುಣ್ಣಿಮೆ ಕಂಡದ್ದಕ್ಕೆ ಸಹಸ್ರ ಚಂದ್ರದರ್ಶನವೆನ್ನುತ್ತಾರೆ. ಲೆಕ್ಕ ಹಾಕಿದರೆ ಅದಕ್ಕೆ 80 ವರ್ಷ 10 ತಿಂಗಳು ಬೇಕು. ಆ ಹುಣ್ಣಿಮೆಗಳಲ್ಲಿ ತಲೆಯೆತ್ತಿ ನೋಡಿದ್ದು ಎಷ್ಟು ಎಂದು ಯಾರೂ ಕೇಳದಿರುವುದು ಪುರೋಹಿತರ ಸೌಜನ್ಯ.

ಮುಪ್ಪು ಮನುಷ್ಯನ ಸ್ವಭಾವವನ್ನೇ ತಿದ್ದುತ್ತದೆ ಎಂಬ ಮಾತನ್ನೂ ನಾನು ಹೆಚ್ಚು ನಂಬಲಾರೆ. ಇದ್ದ ಗೆರೆ ಇನ್ನಷ್ಟು ಆಳವಾಗುತ್ತದೆ, ಅಷ್ಟೆ. ಕಡೆಗಾಲಕ್ಕೆ ಎಲ್ಲರೂ ದೇವರ ಕಡೆ ತಿರುಗುತ್ತಾರೆ ಎನ್ನುತ್ತಾರೆ; 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ‘ದೇವರು’ ಎಂಬ ತಮ್ಮ ಪುಸ್ತಕವನ್ನು ಪ್ರಕಟಿಸಿದ್ದು 1991ರಲ್ಲಿ, ಅದೂ ದೇವರ ಇರವನ್ನು ಒಪ್ಪದೆ. ತೊಂಬತ್ತು ಅವರನ್ನು ಹೆದರಿಸಲಿಲ್ಲ. ರೋಮಿನ ಸಿಸೆರೊ ಕ್ರಿ. ಪೂ. 44ರಲ್ಲಿ, ತನ್ನ 62ನೆಯ ವಯಸ್ಸಿನಲ್ಲಿ, ಮುಪ್ಪನ್ನು ಹೊಗಳಿ ಒಂದು ಸಂವಾದ ಬರೆದ. ಹೊಗಳಿಕೆಯನ್ನೆಲ್ಲ 84ರ ವೃದ್ಧ ಕೇಟೊನ ಬಾಯಲ್ಲಿಟ್ಟ. ಮರುವರ್ಷವೇ ರಾಜಕೀಯದ ಹಗೆಗಳು ಸಿಸೆರೊನನ್ನು ಕೊಲ್ಲಿಸಿದರು. ತಾನು ಹೊಗಳಿದ ಆ ಹಣ್ಣಾದ ಮುಪ್ಪಿನ ರುಚಿಯನ್ನು ಅವನು ನೋಡಲೇ ಇಲ್ಲ. ಮುಪ್ಪಿನ ಬಗ್ಗೆ ಸೊಗಸಾಗಿ ಬರೆಯಲು ಅದು ಇನ್ನೂ ಸ್ವಲ್ಪ ದೂರದಲ್ಲಿರಬೇಕೇನೋ!

ಇದಿರಲಿ. ತೂಕ ತಿಳಿಯುವುದೇ ವಯಸ್ಸಿನ ಪಾಠವಾದರೆ, ಆ ತೂಕವನ್ನು ಇನ್ನೊಬ್ಬರಿಗೆ ದಾಟಿಸಲು ಬರುತ್ತದೆಯೇ? ಈ ಪ್ರಶ್ನೆ ಬಂದಾಗಲೆಲ್ಲ ನನ್ನ ಮನಸ್ಸು ಯಯಾತಿಯ ಕಥೆಗೆ ಹೋಗಿ ನಿಲ್ಲುತ್ತದೆ. ಓದುಗರಿಗೆ ಗೊತ್ತಿರುವ ಕಥೆಯೇ, ಚಿಕ್ಕದಾಗಿ ನೆನಪಿಸುತ್ತೇನೆ. ಶುಕ್ರಾಚಾರ್ಯರ ಮಗಳು ದೇವಯಾನಿಯ ಕೈಹಿಡಿದು, ಅವಳ ಕಣ್ಣು ತಪ್ಪಿಸಿ ಶರ್ಮಿಷ್ಠೆಯಲ್ಲಿ ಮಕ್ಕಳನ್ನು ಪಡೆದ ರಾಜನಿಗೆ ಮಾವನ ಶಾಪದಿಂದ ಅಕಾಲದಲ್ಲಿ ಮುಪ್ಪು ಬಂತು. ಯಾರಾದರೂ ಒಪ್ಪಿದರೆ ಅದನ್ನು ಅವರಿಗೆ ದಾಟಿಸಿ ಅವರ ಯೌವನವನ್ನು ಪಡೆಯಬಹುದೆಂಬ ರಿಯಾಯಿತಿಯೂ ದೊರೆಯಿತು. ಯಯಾತಿ ಹೊರಗೆಲ್ಲೂ ಹೋಗಲಿಲ್ಲ, ಮನೆಯಲ್ಲಿಯೇ ಕೇಳಿದ. ಯದು, ತುರ್ವಸು, ದ್ರುಹ್ಯು, ಅನು ಒಬ್ಬೊಬ್ಬರಾಗಿ ಒಲ್ಲೆನೆಂದರು, ತಂದೆಯ ಶಾಪವನ್ನು ತಲೆಯ ಮೇಲೆ ಹೊತ್ತರು. ಕಿರಿಯವನಾದ ಪೂರು ಒಪ್ಪಿದ. ಸಾವಿರ ವರ್ಷ ಮಗನ ಯೌವನದಲ್ಲಿ ಸುಖಪಟ್ಟು, ಭೋಗದಿಂದ ಬಯಕೆ ತೀರುವುದಿಲ್ಲವೆಂಬ ಅರಿವು ಬಂದಾಗ ಯಯಾತಿ ಅದನ್ನು ಹಿಂದಿರುಗಿಸಿ, ಪೂರುವಿಗೆ ಪಟ್ಟ ಕಟ್ಟಿ, ಕಾಡಿಗೆ ಹೋದ.

ಈ ಕಥೆಯಲ್ಲಿ ನನಗೆ ಬಹಳ ಕಾಲದಿಂದ ಒಂದು ಸಂದೇಹ. ಆ ಸಾವಿರ ವರ್ಷದಲ್ಲಿ ಪೂರು ಏನು ಕಲಿತ? ಮುಪ್ಪಿನ ಲಕ್ಷಣಗಳೆಲ್ಲ ಅವನಿಗೆ ಬಂದಿದ್ದವು: ನರೆ, ಸುಕ್ಕು, ನಡುಗುವ ಕೈ. ವಿವೇಕವೆಂಬುದು ಬಿಳಿಯ ಕೂದಲಿನಲ್ಲಿದ್ದರೆ ಪೂರುವಿಗಿಂತ ವಿವೇಕಿ ಇನ್ನೊಬ್ಬನಿರಬಾರದು. ಆದರೆ ಅವನಿಗೆ ಬಂದದ್ದು ಮುಪ್ಪು, ವಯಸ್ಸಲ್ಲ. ಕೂದಲು ಬೆಳ್ಳಗಾಯಿತು, ಬೆಳ್ಳಗಾಗಿಸುವಂಥದು ಏನೂ ನಡೆದಿರಲಿಲ್ಲ. ಅತ್ತ ಯಯಾತಿಯ ಮೈ ಎಳೆಯದಾಗಿತ್ತು, ನೆನಪು ಹಳೆಯದು; ಕಲಿತವನು ಅವನು. ಹಾಗೆ ನೋಡಿದರೆ ದೇಹವನ್ನು ಬದಲಿಸಿಕೊಳ್ಳಬಹುದಾದರೂ ಅನುಭವವನ್ನು ಕೈಯಿಂದ ಕೈಗೆ ಕೊಡಲು ಬಾರದೆಂಬ ಸಂಗತಿ ಕಥೆ ಕಟ್ಟಿದವನಿಗೆ ಚೆನ್ನಾಗಿ ಗೊತ್ತಿತ್ತು.

ಸಂದೇಹದ ಇನ್ನೊಂದು ತುದಿ ಹೆಚ್ಚು ಚುಚ್ಚುವಂಥದು. ಬಯಕೆ ಭೋಗದಿಂದ ತೀರುವುದಿಲ್ಲ ಎಂಬ ಮಾತು ಯಯಾತಿಗೆ ಮೊದಲು ತಿಳಿದಿರಲಿಲ್ಲವೇ? ಅವನ ಆಸ್ಥಾನದ ಯಾವ ಪಂಡಿತನಾದರೂ ಅದನ್ನು ಅವನಿಗೆ ಹೇಳಬಲ್ಲವನಾಗಿದ್ದ. ಆ ಮಾತಿನ ತೂಕ ತಿಳಿಯಲು ಅವನಿಗೆ ಸಾವಿರ ವರ್ಷ ಬೇಕಾಯಿತು, ಆ ವರ್ಷಗಳು ಅವನವಾಗಿರಲಿಲ್ಲ. ತಂದೆಯ ಪಾಠಕ್ಕೆ ಶುಲ್ಕ ಕಟ್ಟಿದವನು ಮಗ. ಪುರಾಣ ಪೂರುವನ್ನು ಪಿತೃಭಕ್ತನೆಂದು ಕೊಂಡಾಡಿ ಮುಂದಕ್ಕೆ ಹೋಗುತ್ತದೆ. ಅಲ್ಲಿ ನಿಂತು ಲೆಕ್ಕ ಕೇಳಿದವರು, ನಮ್ಮ ಕಾಲದಲ್ಲಿ, ಗಿರೀಶ ಕಾರ್ನಾಡರು. ಅವರ ‘ಯಯಾತಿ’ ನಾಟಕ ಪ್ರಕಟವಾದದ್ದು 1961ರಲ್ಲಿ. 1938ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತಮೂರು. ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಹೊರಟು ನಿಂತಾಗ ಮನೆಯವರ ಆತಂಕ, ಒತ್ತಾಯಗಳ ನಡುವೆ ಆ ವಸ್ತು ತಮ್ಮನ್ನು ಹಿಡಿಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮೂಲ ಕಥೆ ಮರೆತಿದ್ದ ಒಬ್ಬಳನ್ನು ಅವರು ರಂಗಕ್ಕೆ ತಂದರು: ಪೂರುವಿನ ಹೆಂಡತಿ ಚಿತ್ರಲೇಖೆ. ಗಂಡ ಒಪ್ಪಿದ, ಲೋಕ ಮೆಚ್ಚಿತು; ಅವಳನ್ನು ಯಾರೂ ಕೇಳಿರಲಿಲ್ಲ. ನಾಟಕದಲ್ಲಿ ಅವಳು ಉಳಿಯುವುದಿಲ್ಲ. ಮುಪ್ಪಿನ ನೀತಿಯನ್ನು ಇಷ್ಟು ನಿಷ್ಠುರವಾಗಿ ಹೇಳಿದವನು ಒಬ್ಬ ಹುಡುಗ ಎಂಬುದನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತ ನಾವು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಯಯಾತಿ ಅರಮನೆಗಳಲ್ಲಿ ಮಾತ್ರ ಇರುವವನಲ್ಲ. ತಾನು ಆಗದ ಡಾಕ್ಟರು ಮಗನಾಗಲಿ ಎನ್ನುವ ತಂದೆ, ತಾನು ಕಲಿಯದ ಸಂಗೀತ ಮಗಳ ಗಂಟಲಿನಿಂದ ಬರಲಿ ಎನ್ನುವ ತಾಯಿ ಇವರಲ್ಲೆಲ್ಲ ಅವನ ಅಂಶವಿದೆ. ಇದು ಸಣ್ಣ ಪ್ರಮಾಣದ್ದು, ಕ್ಷಮಿಸಬಹುದಾದ್ದು. ದೊಡ್ಡ ಪ್ರಮಾಣದ್ದೂ ಉಂಟು. ನನಗೆ ಪರಿಚಿತವಾದ ಒಂದು ಮನೆಯಲ್ಲಿ ಮೂವರು ಮಕ್ಕಳು. ಇಬ್ಬರು ಗಂಡುಮಕ್ಕಳು ಓದಿ ದೂರದ ದೇಶಗಳಿಗೆ ಹೋದರು. ಮಗಳು ಬ್ಯಾಂಕಿನ ಕೆಲಸದಲ್ಲಿದ್ದಳು. ಬೇರೆ ಊರಿಗೆ ಬಡ್ತಿ ಬಂದಾಗ ತಂದೆತಾಯಿಗಳ ಮುಖ ನೋಡಿ ಬೇಡವೆಂದಳು, ಎರಡು ಸಲ ಬಂದ ಮದುವೆಯ ಮಾತನ್ನೂ ಅದೇ ಕಾರಣಕ್ಕೆ ಬಿಟ್ಟಳು. ಬಂದುಹೋದವರೆಲ್ಲ ‘ಇಂಥ ಮಗಳನ್ನು ಪಡೆಯಲು ಪುಣ್ಯ ಮಾಡಿರಬೇಕು’ ಎಂದರು. ತಂದೆ ತೊಂಬತ್ತೊಂದಕ್ಕೆ, ತಾಯಿ ಎಂಬತ್ತೊಂಬತ್ತಕ್ಕೆ ಹೋದರು. ಆಕೆಗೆ ಆಗ ಅರವತ್ತೆರಡು. ಪೂರುವಿಗಾದರೂ ಯೌವನ ವಾಪಸು ಬಂತು, ಮೇಲೆ ಒಂದು ರಾಜ್ಯ ಸಿಕ್ಕಿತು. ಈಕೆಗೆ ಸಿಕ್ಕಿದ್ದು ಮನೆಯ ಮೂರನೆಯ ಒಂದು ಪಾಲು. ನಮ್ಮ ಮನೆಗಳಲ್ಲಿ ಪೂರು ಹೆಚ್ಚಾಗಿ ಹೆಣ್ಣು. ಮಗಳು, ಇಲ್ಲವೇ ಸೊಸೆ.

ಹೀಗೆಂದಾಗ ಕೆಲವರು ಕೇಳುತ್ತಾರೆ: ಹಾಗಾದರೆ ಮುದುಕರು ಬೀದಿಗೆ ಬೀಳಬೇಕೇ? ಬೇಡ. ಹಡೆದವರಿಗೆ ಅನ್ನ, ಔಷಧ, ಒಂದು ಸೂರು, ದಿನಕ್ಕೊಂದು ಒಳ್ಳೆಯ ಮಾತು ಇಷ್ಟನ್ನು ಮಕ್ಕಳು ಕೊಡಲೇಬೇಕು. ಪ್ರೀತಿಯಿಂದ ಕೊಡದವರಿಗಾಗಿ 2007ರಲ್ಲಿ ಸರಕಾರ ಕಾನೂನನ್ನೇ ಮಾಡಿದೆ; ಅಂಥ ಕಾನೂನು ಬೇಕಾಯಿತಲ್ಲ ಎಂಬುದು ನಾಚಿಕೆಯ ಮಾತೇ ಸರಿ. ಆದರೆ ಹಸಿದವನು ಅನ್ನ ಕೇಳುವುದೂ ಯಯಾತಿ ಯೌವನ ಕೇಳಿದ್ದೂ ಒಂದೇ ಅಲ್ಲ. ಎರಡರ ನಡುವಿನ ಗೆರೆ ಕೆಲವು ಮನೆಗಳಲ್ಲಿ ಕೂದಲೆಳೆಯಷ್ಟು ತೆಳ್ಳಗಿರುತ್ತದೆ; ಹಾಸಿಗೆ ಹಿಡಿದ ತಾಯಿಗೆ ಬೇಕಾದ್ದು ಆರೈಕೆಯೋ ಮಗಳ ಇಡೀ ಆಯುಸ್ಸೋ ಎಂದು ಹೊರಗಿನವರು ಹೇಳಲಾರರು. ಹೇಳಬಲ್ಲವರು ಕೇಳುವವರೇ, ಅವರೂ ಬಾಯಿ ತೆರೆಯುವುದಕ್ಕೆ ಮೊದಲು. ಆ ಕ್ಷಣದಲ್ಲಿ ಬಾಯನ್ನು ಹಿಡಿಯುವ ಶಕ್ತಿಯಿದ್ದರೆ ಅದನ್ನು ನಾನು ವಯಸ್ಸಿನ ಸಂಪಾದನೆ ಎಂದು ಒಪ್ಪುತ್ತೇನೆ. ನನ್ನಲ್ಲಿ ಅದು ಎಷ್ಟು ಕೂಡಿದೆಯೆಂಬುದನ್ನು ನನ್ನ ಮಕ್ಕಳು ಹೇಳಬೇಕು.

ಯಯಾತಿಯ ಕಥೆ ಕಾಡಿಗೆ ಹೋದಲ್ಲಿಗೆ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಆದಿಪರ್ವದಲ್ಲಿ ಅದು ಇನ್ನೂ ಮುಂದಕ್ಕಿದೆ. ತಪಸ್ಸು ಮಾಡಿ ಅವನು ಸ್ವರ್ಗಕ್ಕೆ ಹೋಗುತ್ತಾನೆ. ತಪಸ್ಸಿನಲ್ಲಿ ನಿನಗೆ ಸಮಾನರು ಯಾರು ಎಂದು ಇಂದ್ರ ಕೇಳುತ್ತಾನೆ. ಯಾರನ್ನೂ ಕಾಣೆನೆಂದು ಯಯಾತಿ ಉತ್ತರ ಕೊಟ್ಟ ತಪ್ಪಿಗೆ ಅವನ ಪುಣ್ಯ ಕ್ಷಯವಾಗಿ ಕೆಳಕ್ಕೆ ಬೀಳುತ್ತಾನೆ. ಅಷ್ಟೆಲ್ಲ ಕಲಿತವನು ‘ನಾನು ಕಲಿತೆ’ ಎಂಬ ಒಂದು ಮಾತಿನಲ್ಲಿ ಬಿದ್ದ! ಬೀಳುವ ದಾರಿಯಲ್ಲಿ ಅವನ ಮಗಳ ಮಕ್ಕಳು ಎದುರಾಗುತ್ತಾರೆ. ತಮ್ಮ ತಮ್ಮ ಪುಣ್ಯವನ್ನು ತೆಗೆದುಕೋ, ಬೀಳಬೇಡ ಎನ್ನುತ್ತಾರೆ. ಅವರಾಗಿಯೇ ಕೊಡಲು ಬಂದಿದ್ದಾರೆ, ಇವನು ಕೇಳಿಲ್ಲ. ಯಯಾತಿ ತೆಗೆದುಕೊಳ್ಳುವುದಿಲ್ಲ. ಮಗನ ಯೌವನವನ್ನು ಕೇಳಿ ಪಡೆದ ಅದೇ ಮನುಷ್ಯ, ಮೊಮ್ಮಕ್ಕಳು ಕೊಡಲು ಬಂದ ಪುಣ್ಯವನ್ನು ಬೇಡವೆನ್ನುತ್ತಾನೆ. ಕಥೆಯ ಈ ಭಾಗವನ್ನು ಹರಿಕಥೆಗಳಲ್ಲಿ ನಾನು ಕೇಳಿದ್ದು ಕಡಮೆ. ಆದರೆ ನನ್ನ ಮಟ್ಟಿಗೆ ಯಯಾತಿಗೆ ನಿಜವಾಗಿ ವಯಸ್ಸಾದದ್ದು ಆ ಗಳಿಗೆಯಲ್ಲಿ.

ಹಾಗಾದರೆ ಕಿರಿಯರಿಗೆ ಹಿರಿಯರು ಕೊಡುವುದು ಏನೂ ಇಲ್ಲವೇ? ನಮ್ಮ ಬೀದಿಯಲ್ಲಿ ಮಲೆನಾಡಿನ ಕಡೆಯ ಅಜ್ಜಿಯೊಬ್ಬರಿದ್ದಾರೆ. ಎಂಬತ್ತರ ಹತ್ತಿರ. ಮಗಳಿಗೆ ದೂರದೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಾಗ, ಅವಳು ಹೋಗಲೋ ಬೇಡವೋ ಎಂದು ತೂಗುತ್ತಿದ್ದಂತೆಯೇ, ಅವಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಟ್ಟವರು ಇವರು. ಅಡುಗೆಗೆ ಒಬ್ಬಾಕೆಯನ್ನು ಗೊತ್ತುಮಾಡಿಕೊಂಡು ತಮ್ಮ ಪಾಡಿಗೆ ಇದ್ದಾರೆ. ಅನುಭವದ ಎರಡು ಮಾತನ್ನು ಅವರ ಬಾಯಿಂದ ನಾನು ಕೇಳಿಲ್ಲ, ಅವರಿಗೆ ಪುರಸೊತ್ತಿಲ್ಲ. ಅವರು ಹಾಕುವ ಮಿಡಿ ಉಪ್ಪಿನಕಾಯಿ ನಮ್ಮ ಬೀದಿಯಲ್ಲಿ ಪ್ರಸಿದ್ಧ. ಒಂದು ದಿನ ಮೊಮ್ಮಗಳು ಫೋನಿನ ಪರದೆಯ ಮೇಲೆ ಕಾಣಿಸಿಕೊಂಡು, ನೂರು ಮಿಡಿಗೆ ಉಪ್ಪು ಎಷ್ಟು ಎಂದು ಕೇಳಿದಳು, ಬರೆದುಕೊಳ್ಳಲು ಪೆನ್ನು ಹಿಡಿದು ಕೂತಿದ್ದಳು. ಅಜ್ಜಿ 'ಹಿಡಿಸುವಷ್ಟು' ಎಂದರು. ಹುಡುಗಿಗೆ ರೇಗಿತು. ಲೆಕ್ಕವಿಲ್ಲದೆ ಹೇಗೆ ಮಾಡುವುದು? ಮಿಡಿ ಎಷ್ಟು ಎಳೆಯದು, ಸೊನೆ ಎಷ್ಟಿದೆ, ಉಪ್ಪು ಕಲ್ಲೋ ಪುಡಿಯೋ ಎಂಬುದರ ಮೇಲೆ ಹೋಗುತ್ತದೆ ಮಗೂ, ಶಿವರಾತ್ರಿ ಕಳೆದ ಮೇಲೆ ಬಂದರೆ ಕೂತು ಹಾಕೋಣ ಎಂದರು ಇವರು.

ಹುಡುಗಿ ಬಂದಳು. ಅಜ್ಜಿ ಭರಣಿಯನ್ನು ಮುಂದಿಟ್ಟು ತಾವು ಪಕ್ಕದಲ್ಲಿ ಕುಳಿತರು. ಒಂದು ಹಾಸು ಮಿಡಿ, ಒಂದು ಹಾಸು ಉಪ್ಪು. ಉಪ್ಪು ಹಾಕಿದ್ದೆಲ್ಲ ಅವಳ ಕೈಯೇ. ಮಧ್ಯೆ ಒಮ್ಮೆ ಅಜ್ಜಿಯ ಕೈ ತಾನಾಗಿ ಮುಂದಕ್ಕೆ ಹೋಗಿ ಅರ್ಧದಲ್ಲಿ ನಿಂತು ಮಡಿಲಿಗೆ ವಾಪಸು ಬಂದುದನ್ನು ನಾನು ಕಂಡೆ. ಏನೂ ಹೇಳಲಿಲ್ಲ. ಮಿಡಿ ಬಾಡಿದ ಮೇಲೆ ಸಾಸಿವೆ, ಮೆಣಸಿನಕಾಯಿ ಅರೆದು ಬೆರೆಸಿದ್ದೂ ಅವಳೇ. ಯುಗಾದಿ ಕಳೆದು ಕೆಲವು ವಾರಗಳ ಮೇಲೆ ಒಂದು ಸಣ್ಣ ಜಾಡಿ ನಮ್ಮ ಮನೆಗೂ ಬಂತು. ಉಪ್ಪು ಸ್ವಲ್ಪ ಮುಂದಾಗಿತ್ತು. ಅಜ್ಜಿಗೆ ಗೊತ್ತಿಲ್ಲದಿರುವುದುಂಟೆ ಎಂದು ಅವರು ಸಿಕ್ಕಾಗ ಆ ಮಾತು ತೆಗೆದೆ. ಮೊಸರನ್ನಕ್ಕೆ ಹೊಂದುತ್ತದೆ ಎಂದರು.